ಬೂಷ್ಟು ಹಿಡಿದ ಟರ್ಮಿನೇಟರ್ ಮತ್ತೆ ಓಡಿದ ಕಥೆ

ಈ ವಿಡಿಯೋ ಟೇಪನ್ನು ಬಿಸಾಡು ಅಂತ ನನಗೆ ಹೇಳಿದವರು ಕಮ್ಮಿ ಅಂದರೂ ಐದು ಜನ. ಅದರಲ್ಲಿ ಇಬ್ಬರು ಕೂದಲು ಹಣ್ಣಾಗುವವರೆಗೆ ವಿಸಿಆರ್ ರಿಪೇರಿ ಮಾಡಿದವರು. ಹೋದ ತಿಂಗಳು ಅದೇ ಟೇಪ್ ಶುರುವಿಂದ ಕೊನೆವರೆಗೆ ನಿಲ್ಲದೆ ಓಡಿತು, ಹೈ-ಫೈ ಸೌಂಡ್ ಸಮೇತ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಭ ಇರುತ್ತದೆ, ಸಹಿಸಿಕೊಳ್ಳಿ.

ಟೇಪ್ ಯಾವುದು ಅಂದರೆ ‘ಟರ್ಮಿನೇಟರ್ 2: ಜಡ್ಜ್‌ಮೆಂಟ್ ಡೇ’. ಸಿನಿಮಾ ಬಂದದ್ದು 1991ರಲ್ಲಿ. ದುಬೈಯಲ್ಲಿದ್ದ ನಮ್ಮ ಮಾವ ಎರಡು ವರ್ಷ ಆದಮೇಲೆ ರಜೆಗೆ ಬರುವಾಗ ಸೂಟ್‌ಕೇಸಲ್ಲಿ ತಂದಿದ್ದರು. ಕೆಳಗೆ ಅರೇಬಿಕ್ ಸಬ್‌ಟೈಟಲ್ ಇರುವ ಪ್ಯಾಲ್ (ನಮ್ಮಲ್ಲೂ ಇದ್ದ ಟಿವಿ ಪದ್ಧತಿ) ಟೇಪ್. ಕುಂದಾಪುರದ ನಮ್ಮನೆ ಚಾವಡಿಯಲ್ಲಿ ಆ ಮೇ ತಿಂಗಳು ಎಷ್ಟು ಸಲ ಹಾಕಿದೆವೋ ಲೆಕ್ಕ ಇಲ್ಲ. ಆಮೇಲೆ ಟ್ರಂಕು, ಆಮೇಲೆ ಅಟ್ಟ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಇಪ್ಪತ್ತೈದು ಮಳೆಗಾಲ ಅಟ್ಟದಲ್ಲಿ ಕೂತ ಟೇಪ್ ಹೇಗಿರಬೇಕೋ ಹಾಗೇ ಇತ್ತು. ಕಿಟಕಿಯಲ್ಲಿ ನೋಡಿದರೆ ಸುರುಳಿಯ ಮೇಲೆ ಬಿಳಿ ಹತ್ತಿ ಹರಡಿದ ಹಾಗೆ. ಅಮ್ಮ, "ಎಂತಕ್ಕೆ ಮಾರಾಯ ಅದು, ಬಿಸಾಡ್" ಅಂದರು. ನಾನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬೆಂಗಳೂರಿಗೆ ತಂದೆ.

ಡಿಸ್ಕ್ ಸಿಗುತ್ತದಲ್ಲ, ಈ ರಗಳೆ ಯಾಕೆ ಅಂತ ಎಲ್ಲರೂ ಕೇಳಿದರು. ಡಿಸ್ಕ್ ನನ್ನ ಹತ್ತಿರವೂ ಇದೆ. 2017ರಲ್ಲಿ ತ್ರೀಡಿ ಮಾಡಿ ಮತ್ತೆ ಬಿಟ್ಟರಲ್ಲ, ಆ ಸಮಯದ 4ಕೆ. ಅದರಲ್ಲಿ ಗ್ರೇನ್, ಅಂದರೆ ಫಿಲ್ಮಿನ ಸಣ್ಣ ಕಾಳುಕಾಳು, ಉಜ್ಜಿ ಉಜ್ಜಿ ಮುಖಗಳೆಲ್ಲ ಮೇಣದ ಗೊಂಬೆ ಆಗಿವೆ. ಅದು ಒಂದು ಕಾರಣ. ಇನ್ನೊಂದು ದೊಡ್ಡದು. ಈ ಸಿನಿಮಾ ತೆಗೆದದ್ದು ಸೂಪರ್ 35ರಲ್ಲಿ, ಅಂದರೆ ಫಿಲ್ಮಿನ ಪೂರ್ತಿ ಎತ್ತರಕ್ಕೆ ಚಿತ್ರ ಹಿಡಿಯುವ ಪದ್ಧತಿಯಲ್ಲಿ. ಥಿಯೇಟರಿಗೆ ಮೇಲೆ ಕೆಳಗೆ ಕತ್ತರಿಸಿ ಅಗಲದ ಪಟ್ಟಿ ಮಾಡುತ್ತಾರೆ. ಟಿವಿಯ 4:3 ಟೇಪಿಗೆ ಮಾಡುವಾಗ ಹಾಗೆ ಮುಚ್ಚಿದ್ದನ್ನು ಎಷ್ಟೋ ಶಾಟ್‌ಗಳಲ್ಲಿ ತೆರೆದಿದ್ದಾರೆ. ಅಂದರೆ ನನ್ನ ಬೂಷ್ಟಿನ ಟೇಪಿನಲ್ಲಿ 4ಕೆ ಡಿಸ್ಕಿನಲ್ಲಿ ಇಲ್ಲದ ಚಿತ್ರ ಇದೆ. ಗ್ರಾಫಿಕ್ಸ್ ಇರುವ ಶಾಟ್‌ಗಳಲ್ಲಿ ಮಾತ್ರ ಉಲ್ಟಾ, ಅಲ್ಲಿ ಪಕ್ಕದ ಚಿತ್ರ ಕತ್ತರಿಸಿ ಹೋಗಿದೆ.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಗುಜರಿಯಲ್ಲಿ 700 ರೂಪಾಯಿಗೆ ಒಂದು ವಿಸಿಪಿ (ಕ್ಯಾಸೆಟ್ ಓಡಿಸುವ ಪ್ಲೇಯರ್) ತಂದು, ಹೋದರೆ ಇದೇ ಹೋಗಲಿ ಅಂತ ಟೇಪನ್ನು ನೇರ ಹಾಕಿ ಓಡಿಸಿದೆ. ಎರಡು ನಿಮಿಷಕ್ಕೆ ಪರದೆ ತುಂಬ ಇರುವೆ ಹರಿದ ಹಾಗೆ ಚುಕ್ಕಿ. ಟೇಪ್ ಸುತ್ತಿ ಓಡುವ ಡ್ರಮ್ ಬಿಚ್ಚಿ ನೋಡಿದರೆ ಅದರಲ್ಲಿ ಟೇಪ್ ಓದುವ ಹೆಡ್ ಮೇಲೆ ಕಂದು ಬಣ್ಣದ ಅಂಟು. ಶ್ಯಾಮಿ (ಮೆತ್ತನೆ ತೊಗಲಿನ ಥರದ) ಬಟ್ಟೆಯಲ್ಲಿ ಒರೆಸಿದೆ, ಮತ್ತೆ ಹಾಕಿದೆ, ಮತ್ತೆ ಅದೇ. ನಾಲ್ಕನೇ ಸಲಕ್ಕೆ ಹೆಡ್‌ನ ತುದಿಯೇ ಮುರಿದು ಬಂತು. ರಿಪೇರಿಯವರು ಹೇಳಿದ್ದು ನಿಜವೇ. ಮಷೀನಿನ ಒಳಗೆ ಬೂಷ್ಟು ತೆಗೆಯಲು ಆಗುವುದಿಲ್ಲ. ಆದರೆ ಹೊರಗೆ ತೆಗೆಯಬಹುದಲ್ಲ ಅಂದರೆ ಅವರು ನಕ್ಕರು. ಇನ್ನೂರು ಮೀಟರ್ ಟೇಪನ್ನು ಕೈಯಲ್ಲಿ ಒರೆಸ್ತೀಯಾ ಅಂದರು.

ಇನ್ನೂರು ಅಲ್ಲ, 185. ಪ್ಯಾಲ್‌ನಲ್ಲಿ ಟೇಪ್ ಓಡುವುದು ಸೆಕೆಂಡಿಗೆ 2.3 ಸೆಂಟಿಮೀಟರ್ ಚಿಲ್ಲರೆ, ಸಿನಿಮಾ 131 ನಿಮಿಷ ಚಿಲ್ಲರೆ. ಗುಣಿಸಿ ನೋಡಿ.

ಕೇಸ್‌ನ ಐದು ಸ್ಕ್ರೂ ಬಿಚ್ಚಿ ಎರಡೂ ಸುರುಳಿ ಹೊರಗೆ ತೆಗೆದೆ. ಒಂದು ತಿಂಗಳು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟೆ. ಬೂಷ್ಟು ಒಣಗಿ ಪುಡಿಯಾದರೆ ಅರ್ಧ ಕೆಲಸ ಆದ ಹಾಗೆ. ಹಸಿ ಬೂಷ್ಟು ಒರೆಸಿದರೆ ಮೆತ್ತಿಕೊಳ್ಳುತ್ತದೆ, ಅಷ್ಟೇ. ಮಧ್ಯೆ ಅವಸರಕ್ಕೆ ಬಿದ್ದು ಒಂದು ಹಳೇ ಮದುವೆ ಕ್ಯಾಸೆಟ್ ಮೇಲೆ ಹೇರ್ ಡ್ರೈಯರ್ ಪ್ರಯೋಗ ಮಾಡಿದೆ. ಟೇಪಿನ ಅಂಚು ಅಲೆ ಅಲೆಯಾಯಿತು. ಮಾಡಬೇಡಿ. ಆ ಮದುವೆ ಯಾರದು ಅಂತ ಇಲ್ಲಿ ಹೇಳುವುದಿಲ್ಲ, ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಆಮೇಲೆ ಸುತ್ತುವ ಯಂತ್ರ. ಒಂದು ಪ್ಲೈವುಡ್ ತುಂಡು, ಎರಡು ಸುರುಳಿಗೆ ಎರಡು ಗೂಟ, ನಡುವೆ ಒರೆಸುವ ಬಟ್ಟೆಗೆ ಕ್ಲಿಪ್. ಕೈಯಲ್ಲಿ ತಿರುಗಿಸಿದರೆ ಒಂದೇ ಸಮ ಹೋಗುವುದಿಲ್ಲ. ಮೈಕ್ರೋವೇವ್ ತಟ್ಟೆ ತಿರುಗಿಸುವ ಮೋಟಾರ್ ಹಾಕಿದರೆ ನಿಧಾನಕ್ಕೆ ಹೋಗುತ್ತದೆ ಅಂತ 150 ರೂಪಾಯಿಗೆ ಒಂದು ತಂದೆ. ಬಹಳ ಚೆನ್ನಾಗಿ ಓಡಿತು. ಅರ್ಧ ಟೇಪ್ ಆದಾಗ ಊಟಕ್ಕೆ ಅಂತ ನಿಲ್ಲಿಸಿದೆ. ಬಂದು ಸ್ವಿಚ್ ಹಾಕಿ ಫೋನ್ ತೆಗೆದುಕೊಂಡೆ. ಆ ಮೋಟಾರಿಗೆ ಇಂಥ ದಿಕ್ಕು ಅಂತ ಇಲ್ಲ, ಪ್ರತಿ ಸಲ ಶುರುವಾಗುವಾಗ ಯಾವ ಕಡೆಗೆ ಬೇಕಾದರೂ ತಿರುಗಬಹುದು. ನನಗೆ ಆಗ ಗೊತ್ತಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಟೇಪ್ ಮೇಜಿಂದ ಕೆಳಗೆ ಇಳಿದು ನನ್ನ ಕುರ್ಚಿಯ ಚಕ್ರದ ಕೆಳಗೆ ಹೋಗಿತ್ತು. ಕುರ್ಚಿಯಿಂದ ಏಳಲಿಲ್ಲ. ಹಾಗೇ ಕೂತು ಹೆಂಡತಿಯನ್ನು ಕರೆದೆ. ಅವಳು ಬಂದು ಚಕ್ರ ಎತ್ತಿ ಬಿಡಿಸಿದಳು. ಒಂದು ಗೇಣಿಗಿಂತ ಚೂರು ಜಾಸ್ತಿ ಟೇಪ್ ಮಡಿಚಿ ಹೋಗಿತ್ತು.

ಮಾರನೇ ದಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ 12 ವೋಲ್ಟಿನ ಗೇರ್ ಮೋಟಾರ್ ತಂದೆ, ನಿಮಿಷಕ್ಕೆ ಹತ್ತು ಸುತ್ತು, 350 ರೂಪಾಯಿ. ಡಿಸಿ ಆದ್ದರಿಂದ ವೈರ್ ಹೇಗೆ ಕೊಟ್ಟೆವೋ ಅದೇ ದಿಕ್ಕು. ಒಂದು ಸಲ ಈ ಕಡೆಯಿಂದ ಆ ಕಡೆಗೆ ಹೋಗಲು ಎರಡು ಗಂಟೆ ಹತ್ತಿರ. ಮೊದಲ ಸಲ ಒಣ ವೆಲ್ವೆಟ್, ನಮ್ಮ ಬೀದಿಯ ಟೈಲರ್ ಉಳಿದ ತುಂಡು ಸುಮ್ನೆ ಕೊಟ್ಟರು. ಎರಡನೇ ಸಲ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತಾಗಿಸಿದ ಶ್ಯಾಮಿ. ಮೂರನೇ ಸಲ ಮತ್ತೆ ಒಣ ವೆಲ್ವೆಟ್. ಐಪಿಎ 99 ಪರ್ಸೆಂಟೇ ಇರಬೇಕು. ಮೆಡಿಕಲ್ ಶಾಪಿನ 70ರದ್ದು ತಂದು ನೀರು ಉಳಿದು ಸುರುಳಿ ಅಂಟಿಕೊಂಡದ್ದೂ ಆಯಿತು, ಅದೃಷ್ಟಕ್ಕೆ ಮೊದಲ ಎರಡು ಮೀಟರಲ್ಲೇ ಗೊತ್ತಾಯಿತು. ಇಯರ್ ಬಡ್ ಬೇಡ, ನೂಲು ಬಿಡುತ್ತದೆ. ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ, ಕೆಲಸ ಬಾಲ್ಕನಿಯಲ್ಲಿ ಇರಲಿ. ಬಟ್ಟೆಯನ್ನು ಟೇಪಿಗೆ ಎಷ್ಟು ಒತ್ತಬೇಕು, ಆ ಒತ್ತಡ ಎರಡು ಗಂಟೆ ಒಂದೇ ಸಮ ಇರಲು ನಾನು ಏನು ತೂಗುಹಾಕಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದನ್ನು ಕಂಡುಹಿಡಿಯಲು ಮೂರು ವಾರ ಹೋಗಿದೆ.

ಸುರುಳಿಗಳನ್ನು ಹೊಸ ಖಾಲಿ ಕ್ಯಾಸೆಟ್ಟಿನ ಕೇಸಿಗೆ ಹಾಕಿದೆ. ಹಳೇ ಕೇಸಿನಲ್ಲಿ ಬೂಷ್ಟಿನ ಬೀಜ ಇರುತ್ತದೆ, ಅದಕ್ಕೆ ಮತ್ತೆ ಹಾಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಎರಡನೇ ಗುಜರಿ ವಿಸಿಪಿಯಲ್ಲಿ ಮೊದಲು ಓಡಿಸಿದೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಹೆಡ್ ನೋಡಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆಮೇಲೇ ಒಳ್ಳೆಯ ಮಷೀನಿಗೆ ಹಾಕಿದ್ದು.

ಆ ಒಳ್ಳೆಯ ಮಷೀನು ಗಲ್ಫಿಂದ ಬಂದವರೊಬ್ಬರ ಮನೆಯ ಹೈ-ಫೈ ವಿಸಿಆರ್, 4,500 ಕೊಟ್ಟೆ. ಜಾಸ್ತಿ ಆಯಿತು ಅಂತೀರಿ. ಆದರೆ ನಮ್ಮಲ್ಲಿ ಸಿಗುವ ಹಳೇ ವಿಸಿಪಿಗಳಲ್ಲಿ ಮುಕ್ಕಾಲು ಪಾಲು ಮೋನೋ. ಅವು ಟೇಪಿನ ಅಂಚಿನ ಸಣ್ಣ ಗೆರೆಯ ಸೌಂಡ್ ಮಾತ್ರ ಓದುತ್ತವೆ. ಹೈ-ಫೈ ಸೌಂಡ್ ಇರುವುದು ಚಿತ್ರದ ಅಡಿಯಲ್ಲಿ, ಅದಕ್ಕೆ ಡ್ರಮ್ಮಿನಲ್ಲೇ ಬೇರೆ ಹೆಡ್ ಬೇಕು. ಮೊದಲು ಬರೀ ಗುಂಯ್ ಅಂತ ಬಂತು, ಬಿಟ್ಟು ಬಿಟ್ಟು. ಟೇಪಿಗೆ ದಾರಿ ಹಿಡಿಸುವ ಗೈಡ್ ರೋಲರ್ ಸ್ವಲ್ಪ ತಿರುಗಿಸಿದಾಗ ತಟ್ಟನೆ ಕೋಣೆ ತುಂಬಿತು. ಎಷ್ಟು ತಿರುಗಿಸಿದೆ ಅಂತ ಕೇಳಬೇಡಿ. ಅದು ನಿಮ್ಮ ಮಷೀನಿಗೆ ಬೇರೆ, ತಪ್ಪಿದರೆ ನನ್ನನ್ನು ಬೈಯುತ್ತೀರಿ.

ಕ್ಯಾಪ್ಚರಿಗೆ, ಅಂದರೆ ಟೇಪನ್ನು ಕಂಪ್ಯೂಟರಿಗೆ ಇಳಿಸಲು, 900 ರೂಪಾಯಿಯ ಯುಎಸ್‌ಬಿ ಡಬ್ಬಿ ತಂದು ದುಡ್ಡು ಕಳೆದೆ. ನಿಮಿಷಕ್ಕೆ ಹತ್ತು ಫ್ರೇಮ್ ನುಂಗುತ್ತಿತ್ತು. ಎರಡನೇದು 3,200. ವಿಸಿಆರ್‌ಗೂ ಅದಕ್ಕೂ ನಡುವೆ ಒಂದು ಹಳೇ ಡಿವಿಡಿ ರೆಕಾರ್ಡರ್ ಇಟ್ಟೆ, ಅದರ ಡಿಸ್ಕ್ ಡ್ರೈವ್ ಸತ್ತಿದೆ, ಅದಕ್ಕೇ 1,500ಕ್ಕೆ ಸಿಕ್ಕಿತು. ನಮಗೆ ಡ್ರೈವ್ ಬೇಡವಲ್ಲ. ಒಂದು ಕಡೆ ಸಿಗ್ನಲ್ ಕೊಟ್ಟು ಇನ್ನೊಂದು ಕಡೆ ತೆಗೆದರೆ ಚಿತ್ರದ ಮೇಲ್ಭಾಗ ಬಾಗುವುದು ನಿಂತುಹೋಗುತ್ತದೆ. ಹಫ್‌ವೈಯುವಿಯಲ್ಲಿ (ಗುಣಮಟ್ಟ ಕಳೆಯದ ವಿಡಿಯೋ ಫಾರ್ಮ್ಯಾಟ್) ಪೂರ್ತಿ ಸಿನಿಮಾ ಸುಮಾರು 70 ಜಿಬಿ ಆಯಿತು.

ಇಲ್ಲಿ ಗೆಳೆಯರ ಜೊತೆ ಜಗಳ. ಎಲ್ಲರೂ ಡಿಇಂಟರ್ಲೇಸ್ ಮಾಡು, ಅಂದರೆ ಗೆರೆ ಬಿಟ್ಟು ಗೆರೆ ಬಂದ ಅರ್ಧ ಚಿತ್ರಗಳನ್ನು ತುಂಬಿಸಿ ಪೂರ್ತಿ ಮಾಡು ಅಂದರು. ಮದುವೆ ವಿಡಿಯೋಗೆ ಅದು ಸರಿ. ಇದು ಫಿಲ್ಮಿಂದ ಬಂದದ್ದು, ಒಂದು ಫ್ರೇಮಿಗೆ ಎರಡು ಫೀಲ್ಡ್ (ಅರ್ಧ ಚಿತ್ರ), ಎರಡನ್ನೂ ಸರಿಯಾಗಿ ಜೋಡಿಸಿದರೆ ಸಾಕು, ಪೂರ್ತಿ ಫ್ರೇಮ್ ಹಾಗೇ ವಾಪಸ್ ಸಿಗುತ್ತದೆ. ನನ್ನ ಟೇಪಿನಲ್ಲಿ ಜೋಡಿ ಒಂದು ಫೀಲ್ಡ್ ಜಾರಿತ್ತು, ಅದಕ್ಕೇ ಅವರಿಗೆಲ್ಲ ಬಾಚಣಿಗೆ ಹಲ್ಲು ಕಂಡದ್ದು. ಜಾರಿಸಿ ಕೂರಿಸಿದೆ. ಆಮೇಲೆ ವೇಗ. ಪ್ಯಾಲ್ ಟೇಪಿಗೆ 24 ಫ್ರೇಮಿನ ಸಿನಿಮಾವನ್ನು 25ರಲ್ಲಿ ಓಡಿಸಿ ತುಂಬುತ್ತಾರೆ. 137 ನಿಮಿಷದ ಸಿನಿಮಾ 131 ಆದದ್ದು ಅದರಿಂದ, ಕತ್ತರಿಯಿಂದಲ್ಲ. ಸೌಂಡೂ ಅಷ್ಟು ಮೇಲೆ ಹೋಗಿರುತ್ತದೆ, ಅರ್ಧ ಸ್ವರಕ್ಕೆ ಸ್ವಲ್ಪ ಕಮ್ಮಿ. ಚಿತ್ರ, ಸೌಂಡ್ ಎರಡನ್ನೂ 24ಕ್ಕೆ ಇಳಿಸಿದೆ. ಆರ್ನಾಲ್ಡ್ ದನಿ ಸರಿಯಾದ ತೂಕಕ್ಕೆ ಬಂತು. ಆದರೆ ನಿಜ ಹೇಳಬೇಕಂದರೆ ನನಗೆ ಹಳೇ ತೆಳು ದನಿಯೇ ಇಷ್ಟ, ಚಾವಡಿಯಲ್ಲಿ ಕೇಳಿದ್ದು ಅದನ್ನೇ. ಎರಡೂ ಇಟ್ಟುಕೊಂಡಿದ್ದೇನೆ.

ಹೀಗೆ ಕೂತು ಶಾಟ್ ಶಾಟ್ ನೋಡುವಾಗ ಕೆಲಸ ಬಿಟ್ಟು ಬೇರೆ ಕಡೆ ಹೋಗುವುದು ಸಹಜ ಅಲ್ವಾ. ಆಸ್ಪತ್ರೆಯಲ್ಲಿ ಟಿ-1000, ಅಂದರೆ ಯಾರ ರೂಪ ಬೇಕಾದರೂ ತಾಳುವ ದ್ರವ ಲೋಹದ ವಿಲನ್ ರೋಬೋ, ಕಂಬಿಗಳ ನಡುವೆ ಕರಗಿ ದಾಟುತ್ತದೆ. ಮೈಯೆಲ್ಲ ದಾಟಿದ ಮೇಲೆ ಕೈಯಲ್ಲಿದ್ದ ಪಿಸ್ತೂಲು ಕಂಬಿಗೆ ಟಣ್ ಅಂತ ತಾಗುತ್ತದೆ. ಮಣಿಕಟ್ಟು ತಿರುಗಿಸಿ ಹೊರಗೆ ಎಳೆದುಕೊಳ್ಳುತ್ತದೆ. ಆ ಕರಗುವ ಸದ್ದು ಮಾಡಿದ್ದು ಸೌಂಡ್ ಡಿಸೈನರ್ ಗ್ಯಾರಿ ರೈಡ್‌ಸ್ಟ್ರಾಮ್, ನಾಯಿ ಆಹಾರ ಡಬ್ಬಿಯಿಂದ ಜಾರಿ ಬೀಳುವ ಸದ್ದಿನಿಂದ. ಈ ಸಿನಿಮಾಗೆ ಅವರಿಗೆ ಆಸ್ಕರ್ ಬಂತು. ನಾನೂ 180 ರೂಪಾಯಿಯ ಒಂದು ಡಬ್ಬಿ ತಂದು, ಅಡುಗೆಮನೆಯಲ್ಲಿ ಬೋರಲು ಹಿಡಿದು ಫೋನಲ್ಲಿ ರೆಕಾರ್ಡ್ ಮಾಡಿದೆ. ಮೊದಲ ಸಲ ತಣ್ಣಗಿದ್ದದ್ದು ಒಂದೇ ಉಂಡೆಯಾಗಿ ಬಿತ್ತು. ಸ್ವಲ್ಪ ಬೆಚ್ಚಗೆ ಮಾಡಿದ ಮೇಲೆ ಜಾರುತ್ತ ಒಂದು ಉದ್ದನೆಯ ಸದ್ದು ಬಂತು, ಸುಮಾರಾಗಿ ಅದೇ. ಬೀದಿ ನಾಯಿಗೆ ಹಬ್ಬ ಆಯಿತು.

ಟಿ-1000 ಕಾಫಿ ಮಷೀನಿನ ಹತ್ತಿರದ ಗಾರ್ಡ್ ರೂಪ ತಾಳುವ ಕಡೆಯೂ ಹಾಗೇ ನಿಂತೆ. ಅಲ್ಲಿ ಇಬ್ಬರು ಒಂದೇ ಮುಖದವರು ಕಾಣುವುದು ಕಂಪ್ಯೂಟರ್ ಕೈಚಳಕ ಅಂತ ಚಿಕ್ಕಂದಿನಲ್ಲಿ ನಾವೆಲ್ಲ ವಾದ ಮಾಡಿದ್ದೆವು. ಅಲ್ಲ, ಅವರು ಡ್ಯಾನ್, ಡಾನ್ ಸ್ಟ್ಯಾಂಟನ್ ಅನ್ನುವ ನಿಜವಾದ ಅವಳಿಗಳು. ಕೊನೆಯಲ್ಲಿ ನಾಯಕಿ ಸಾರಾ ಎರಡು ಕಾಣುವ ಕಡೆಯೂ ಆ ಪಾತ್ರ ಮಾಡಿದ ಲಿಂಡಾ ಹ್ಯಾಮಿಲ್ಟನ್ ಅವರ ಅವಳಿ ಲೆಸ್ಲಿ ಇದ್ದಾರೆ. ಮಾವನಿಗೆ ಫೋನ್ ಮಾಡಿ ಹೇಳಿದೆ. "ನಾನು ಆಗಲೇ ಹೇಳಿದ್ದೆ" ಅಂದರು. ಹೇಳಿರಲಿಲ್ಲ.

ಒಟ್ಟು ಖರ್ಚು ಹದಿಮೂರು ಸಾವಿರದ ಆಸುಪಾಸು, ಮುರಿದ ಹೆಡ್ಡು, ನಾಯಿ ಆಹಾರ ಎಲ್ಲ ಸೇರಿ. ಸಮಯ ನಾಲ್ಕು ತಿಂಗಳು, ಶನಿವಾರ ಭಾನುವಾರ ಮಾತ್ರ. ನಕ್ಕಿದ್ದ ಆ ಇಬ್ಬರು ರಿಪೇರಿಯವರಲ್ಲಿ ಒಬ್ಬರು ಮೊನ್ನೆ ಮನೆಗೆ ಬಂದು ಪ್ಲೈವುಡ್ ಯಂತ್ರದ ಫೋಟೋ ತೆಗೆದುಕೊಂಡು ಹೋದರು. ಅವರ ಹತ್ತಿರ ಬೂಷ್ಟು ಹಿಡಿದ ಯಕ್ಷಗಾನದ ಕ್ಯಾಸೆಟ್ ಹನ್ನೆರಡೋ ಹದಿಮೂರೋ ಇವೆಯಂತೆ. ಬಟ್ಟೆಯ ಒತ್ತಡದ ಗುಟ್ಟು ಅವರಿಗೂ ಹೇಳಲಿಲ್ಲ. ಕ್ಯಾಸೆಟ್ ತನ್ನಿ, ನಾನೇ ಮಾಡಿ ಕೊಡುತ್ತೇನೆ ಅಂದೆ.

ಕುರ್ಚಿಯ ಚಕ್ರಕ್ಕೆ ಸಿಕ್ಕ ಜಾಗ ಮಾತ್ರ ಸರಿಯಾಗಿಲ್ಲ. ಮರುಭೂಮಿಯಲ್ಲಿ ಬಂದೂಕು ಹೊರಗೆ ತೆಗೆಯುವ ದೃಶ್ಯದ ಹತ್ತಿರ, ಹನ್ನೊಂದು ಸೆಕೆಂಡ್. ಚಿತ್ರ ಒಡೆಯುತ್ತದೆ, ಸೌಂಡ್ ಗುಂಯ್ ಅನ್ನುತ್ತದೆ, ಅರೇಬಿಕ್ ಅಕ್ಷರ ಮಾತ್ರ ಹೇಗೋ ನಿಂತಿದೆ. ನಾಲ್ಕು ಸಲ ಬೇರೆ ಬೇರೆ ಥರ ಕ್ಯಾಪ್ಚರ್ ಮಾಡಿ ನೋಡಿದೆ. ಡಿಸ್ಕಿಂದ ಆ ಹನ್ನೊಂದು ಸೆಕೆಂಡ್ ತೆಗೆದು ಅಂಟಿಸು, ಯಾರಿಗೂ ಗೊತ್ತಾಗಲ್ಲ ಅಂತ ಗೆಳೆಯ ಇವತ್ತಿಗೂ ಹೇಳುತ್ತಾನೆ. ಅಂಟಿಸಿಲ್ಲ.