ಕಾಲೇಜು ಅರ್ಜಿಯ ಜನಾಂಗದ ಕಾಲಂ: ಕ್ಯಾಲಿಫೋರ್ನಿಯಾಗೆ ಹೊಸದಾಗಿ ಬಂದ ಮನೆಯವರಿಗೆ

ಹೈಸ್ಕೂಲ್ ಮಕ್ಕಳಿರುವ ಮನೆಯವರು ನಮ್ಮ ಕನ್ನಡ ಕೂಟಕ್ಕೆ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದಿದೆ. ‘ಅರ್ಜಿಯಲ್ಲಿ ಏಷ್ಯನ್ ಅಂತ ಟಿಕ್ ಮಾಡಿದರೆ ದೊಡ್ಡ ಕಾಲೇಜಿನಲ್ಲಿ ಸೀಟು ಸಿಗಲ್ವಂತೆ, ನಿಜಾನಾ?’

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಆ ಟಿಕ್ ನೋಡಿ ಸೀಟು ಕೊಡುವುದನ್ನಾಗಲಿ, ತಪ್ಪಿಸುವುದನ್ನಾಗಲಿ ಇಲ್ಲಿನ ಕಾಲೇಜುಗಳು ಈಗ ಮಾಡುವಂತಿಲ್ಲ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿತು. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಲ್ಲಂತೂ ಅದು ಯಾವಾಗಲೋ ನಿಂತಿದೆ. 1996ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 209 ಎಂಬ ರಾಜ್ಯದ ಕಾನೂನು ಅದನ್ನು ನಿಲ್ಲಿಸಿತು. ಬರ್ಕ್ಲಿಗೋ ಯುಸಿಎಲ್‌ಎಗೋ ಅರ್ಜಿ ಹಾಕುವಾಗ ಜನಾಂಗದ ಭಯ ಇಟ್ಟುಕೊಳ್ಳಬೇಕಾಗಿಲ್ಲ. ಆ ಕಾಲಂ ತುಂಬಲೇಬೇಕು ಅಂತಲೂ ಇಲ್ಲ. ತುಂಬಿದರೆ ನಿಜ ತುಂಬಿ.

ಸಿಇಟಿ ಲೆಕ್ಕ ಇಲ್ಲಿ ನಡೆಯುವುದಿಲ್ಲ

ನಾವು ಸಿಇಟಿ ಕಂಡವರು. ರ್‍ಯಾಂಕ್ ಬರುತ್ತದೆ, ಕೆಟಗರಿ ಇರುತ್ತದೆ, ಹೋದ ವರ್ಷದ ಕಟ್ ಆಫ್ ಇರುತ್ತದೆ. ಯಾವ ಕಾಲೇಜು ಸಿಗಬಹುದು ಅಂತ ಮನೆಯಲ್ಲೇ ಕೂತು ಅಂದಾಜು ಹಾಕಬಹುದು. ಹಾಗಾಗಿ ಇಲ್ಲಿ ‘ಅಫರ್ಮೇಟಿವ್ ಆಕ್ಷನ್’ (ಪ್ರವೇಶದಲ್ಲಿ ಜನಾಂಗವನ್ನೂ ಗಮನಿಸುವ ಪದ್ಧತಿ) ಅಂದ ಕೂಡಲೇ ಮೀಸಲಾತಿ ಅಂದುಕೊಳ್ಳುತ್ತೇವೆ. ಆದರೆ ಒಂದು ಜನಾಂಗಕ್ಕೆ ಇಷ್ಟು ಸೀಟು ಅಂತ ತೆಗೆದಿಡುವುದನ್ನು ಇಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲೇ ತಳ್ಳಿಹಾಕಿತ್ತು. ಅದು ನಮ್ಮ ಪಕ್ಕದ ಡೇವಿಸ್‌ನದೇ ಪ್ರಕರಣ. ಅಲ್ಲಿನ ಮೆಡಿಕಲ್ ಕಾಲೇಜು 100 ಸೀಟುಗಳಲ್ಲಿ 16 ಅನ್ನು ಅಲ್ಪಸಂಖ್ಯಾತರಿಗೆ ಇಟ್ಟಿತ್ತು. ಸೀಟು ತೆಗೆದಿಡಬೇಡಿ, ಆದರೆ ಹತ್ತಾರು ವಿಷಯಗಳ ಜೊತೆ ಜನಾಂಗವನ್ನೂ ಒಂದಾಗಿ ನೋಡಬಹುದು ಎಂದಿತು ಕೋರ್ಟ್. 2023ರಲ್ಲಿ ಹೋದದ್ದು ಈ ಎರಡನೆಯ ಅವಕಾಶ.

ಇಲ್ಲಿ ಇಡೀ ಅರ್ಜಿ ಓದುತ್ತಾರೆ. ಅಂಕ, ಆರಿಸಿಕೊಂಡ ಕೋರ್ಸು, ಬರವಣಿಗೆ, ಮನೆಯ ಪರಿಸ್ಥಿತಿ, ಓದಿದ ಶಾಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ನಮ್ಮವಳ ಮಾರ್ಕ್ಸ್ ಜಾಸ್ತಿ ಇತ್ತಲ್ಲ, ಅವನಿಗೆ ಹೇಗೆ ಸಿಕ್ಕಿತು?’ ಅನ್ನುವ ಪ್ರಶ್ನೆಗೆ ಯಾರೂ ನಿಮಗೆ ಪಟ್ಟಿ ತೋರಿಸುವುದಿಲ್ಲ. ಇದು ಕಷ್ಟವೇ. ಆದರೆ ಆ ಕತ್ತಲಲ್ಲಿ ಯಾರ ಮೇಲೋ ಸುಮ್ನೆ ಬೆರಳು ತೋರಿಸುವುದು ಸರಿಯಲ್ಲ.

ಹಾರ್ವರ್ಡ್ ಪ್ರಕರಣದಲ್ಲಿ ನಡೆದದ್ದು

ನಮ್ಮವರ ಭಯಕ್ಕೆ ಆಧಾರವೇ ಇರಲಿಲ್ಲ ಅಂತ ನಾವು ಹೇಳುವುದಿಲ್ಲ. ಪ್ರವೇಶದಲ್ಲಿ ಏಷ್ಯನ್ ಮಕ್ಕಳಿಗೆ ತಾರತಮ್ಯ ಮಾಡುತ್ತಿದೆ ಅಂತ 2014ರಲ್ಲಿ ಹಾರ್ವರ್ಡ್ ಮೇಲೆ ಕೇಸು ಬಿತ್ತು. 2018ರ ವಿಚಾರಣೆ ಹೊತ್ತಿಗೆ ಒಳಗಿನ ದಾಖಲೆಗಳು ಹೊರಬಂದವು. ಅಲ್ಲಿ ಓದು, ಆಟ, ಇತರ ಚಟುವಟಿಕೆಗಳ ಜೊತೆ ವ್ಯಕ್ತಿತ್ವಕ್ಕೂ ಒಂದು ಅಂಕ ಕೊಡುತ್ತಿದ್ದರು. ಏಷ್ಯನ್ ಮಕ್ಕಳಿಗೆ ಓದಿನ ಅಂಕ ಚೆನ್ನಾಗಿತ್ತು, ವ್ಯಕ್ತಿತ್ವದ ಅಂಕ ಮಾತ್ರ ಸರಾಸರಿಯಲ್ಲಿ ಕಡಿಮೆ. ಮಗುವಿನ ಮುಖ ನೋಡದವರು ಕಾಗದ ಓದಿ ‘ಇವಳಲ್ಲಿ ಧೈರ್ಯ ಕಡಿಮೆ, ಆಪ್ತತೆ ಕಡಿಮೆ’ ಅನ್ನುವಂಥ ಅಂಕ ಕೊಟ್ಟರೆ ಯಾವ ತಂದೆತಾಯಿಗೆ ನೋವಾಗುವುದಿಲ್ಲ? ಕೆಳಗಿನ ಕೋರ್ಟ್ 2019ರಲ್ಲಿ, ಬೇಕೆಂದೇ ಮಾಡಿದ ತಾರತಮ್ಯ ಕಾಣಲಿಲ್ಲ ಎಂದಿತು. ಮೊದಲೇ ಹೇಳಿದ 2023ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಿರುಗಿಸಿತು.

ಅದೇ ದಾಖಲೆಗಳಿಂದ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಮನೆಗಳಲ್ಲಿ ಅದರ ಮಾತೇ ಬರುವುದಿಲ್ಲ. ಹಳೆ ವಿದ್ಯಾರ್ಥಿಗಳ ಮಕ್ಕಳು, ಕಾಲೇಜು ತಂಡಕ್ಕೆ ಆರಿಸಿದ ಆಟಗಾರರು, ದಾನಿಗಳಂಥವರ ಕಡೆಯವರು, ಅಧ್ಯಾಪಕರ ಮಕ್ಕಳು: ಇವರಿಗೆ ಬೇರೆಯದೇ ಬಾಗಿಲು ಇತ್ತು. ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ, ಹಾರ್ವರ್ಡ್‌ನಲ್ಲಿ ಪ್ರವೇಶ ಸಿಕ್ಕ ಬಿಳಿಯ ಮಕ್ಕಳ ಪೈಕಿ ನೂರಕ್ಕೆ 43ಕ್ಕಿಂತ ಜಾಸ್ತಿ ಜನ ಈ ಗುಂಪಿನವರು. ಅಮ್ಮ ಹಾಸನದಲ್ಲಿ, ಅಪ್ಪ ಸುರತ್ಕಲ್‌ನಲ್ಲಿ ಓದಿದ್ದರೆ ಆ ಬಾಗಿಲು ನಮಗಿಲ್ಲ. ಹಲವು ಕರಿಯ ಕುಟುಂಬಗಳಿಗೂ ಇರಲಿಲ್ಲ. ರಾಜ್ಯದ ಸಹಾಯಧನ ಪಡೆಯುವ ಖಾಸಗಿ ಕಾಲೇಜುಗಳು ಹಳೆ ವಿದ್ಯಾರ್ಥಿಗಳ, ದಾನಿಗಳ ಮಕ್ಕಳಿಗೆ ಹೀಗೆ ಒಲವು ತೋರಿಸಬಾರದು ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ತೀರ್ಪಿನ ನಂತರ ಏನಾಯಿತು? ಎಲ್ಲ ಕಡೆ ಒಂದೇ ಥರ ಆಗಲಿಲ್ಲ. 2024ರಲ್ಲಿ ಮ್ಯಾಸಚೂಸೆಟ್ಸ್‌ನ ಎಂಐಟಿಗೆ ಸೇರಿದ ಮೊದಲ ವರ್ಷದವರಲ್ಲಿ ಏಷ್ಯನ್ ಅಮೆರಿಕನ್ನರು ನೂರಕ್ಕೆ 40ರಿಂದ 47ಕ್ಕೆ ಏರಿದರು, ಕರಿಯರು 15ರಿಂದ 5ಕ್ಕೆ ಇಳಿದರು. ಅದೇ ವರ್ಷ ಯೇಲ್‌ನಲ್ಲಿ ಏಷ್ಯನ್ನರೇ 30ರಿಂದ 24ಕ್ಕೆ ಇಳಿದರು. ಎಂಐಟಿಯ ಅಂಕಿ ನೋಡಿ ಸಿಹಿ ಹಂಚುವುದು ನಮಗೆ ಶೋಭಿಸುವುದಿಲ್ಲ. ಈ ದೇಶಕ್ಕೆ ನಮ್ಮಂಥವರಿಗೆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕರಿಯರು ಬೀದಿಗಿಳಿದು ನಾಗರಿಕ ಹಕ್ಕಿಗಾಗಿ ಹೋರಾಡಿದ ಕಾಲದಲ್ಲೇ ಅದು ಬಂತು. ‘ಅವರು ನಮ್ಮ ಮಕ್ಕಳ ಸೀಟು ತಗೊಂಡರು’ ಅನ್ನುವ ಮಾತನ್ನು ದಯವಿಟ್ಟು ಮಕ್ಕಳ ಕಿವಿಗೆ ಹಾಕಬೇಡಿ. ಅವರ ಪಕ್ಕದ ಬೆಂಚಿನಲ್ಲಿ ಕೂರುವ ಗೆಳೆಯರ ಬಗ್ಗೆ ನೀವು ಹೇಳುತ್ತಿದ್ದೀರಿ.

ಬರವಣಿಗೆ

ದುಡ್ಡು ತಗೊಂಡು ಸಲಹೆ ಕೊಡುವ ಕೆಲವರು ಹೇಳುತ್ತಾರೆ: ಭರತನಾಟ್ಯ ಬರೆಯಬೇಡಿ, ಕನ್ನಡ ಶಾಲೆ ಬರೆಯಬೇಡಿ, ಆದಷ್ಟು ಏಷ್ಯನ್ ಥರ ಕಾಣಬೇಡಿ. ಇದನ್ನು ಕೇಳಬೇಡಿ. ಹದಿನೇಳರ ವಯಸ್ಸಿಗೆ ಮನೆಯನ್ನು ಬಚ್ಚಿಡಲು ಕಲಿತ ಮಗುವಿಗೆ ಯಾವ ಕಾಲೇಜು ಸಿಕ್ಕಿ ಏನು? ಕಾನೂನೂ ಬಚ್ಚಿಡಿ ಅನ್ನುವುದಿಲ್ಲ. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿ ಬರೆಯಬಹುದು, ಅದರಿಂದ ಬೆಳೆದ ಧೈರ್ಯವನ್ನೋ ಮುಂದಾಳ್ತನವನ್ನೋ ಕಾಲೇಜು ಗಮನಿಸಬಹುದು ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದೇ ತೀರ್ಪಿನಲ್ಲಿ ಬರೆದಿದ್ದಾರೆ. ‘ನಾನು ಭಾರತೀಯಳು’ ಅಂತಷ್ಟೇ ಬರೆದರೆ ಉಪಯೋಗ ಇಲ್ಲ. ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರ್ ಮಾತನ್ನು ಕನ್ನಡದಲ್ಲಿ ಹೇಳಿದ್ದು, ಭಾನುವಾರ ಚಿಕ್ಕವರಿಗೆ ಅಕ್ಷರ ಕಲಿಸಿದ್ದು, ಹೆಸರನ್ನು ಅಣಕಿಸಿದಾಗ ಎದ್ದು ನಿಂತದ್ದು, ಇಂಥವನ್ನು ಬರೆಯಲಿ. ಮಗುವೇ ಬರೆಯಲಿ.

ಈಗ ಮಾಡಬೇಕಾದ್ದು

ಯುಸಿ, ಅಂದರೆ ಬರ್ಕ್ಲಿಯಂಥವು ಸೇರಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಾಲೇಜುಗಳು, ಪ್ರವೇಶಕ್ಕೆ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕವನ್ನು ನೋಡುವುದೇ ಇಲ್ಲ. ಹೈಸ್ಕೂಲಿನಲ್ಲಿ ಓದಿರಲೇಬೇಕಾದ 15 ಕೋರ್ಸುಗಳ ‘ಎ-ಜಿ’ ಪಟ್ಟಿ ಮುಗಿದಿರಬೇಕು, ಜಿಪಿಎ (ಸರಾಸರಿ ಅಂಕ) ಲೆಕ್ಕಕ್ಕೆ ಹತ್ತು ಮತ್ತು ಹನ್ನೊಂದನೇ ಕ್ಲಾಸಿನ ಅಂಕಗಳು ಬರುತ್ತವೆ. ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ, ಒಂದೊಂದಕ್ಕೆ 350 ಪದ ಮೀರದಂತೆ ಬರೆಯಬೇಕು. ಊರಿನಿಂದ ನಡುವೆ ಬಂದ ಮಕ್ಕಳಿಗೆ ‘ಎ-ಜಿ’ಯಲ್ಲಿ ಏನಾದರೂ ಉಳಿದುಹೋಗುವುದು ಸುಲಭ. ಹಳೆ ಶಾಲೆಯ ಅಂಕಪಟ್ಟಿ ಹಿಡಿದು ಸೇರಿದ ವಾರವೇ ಕೌನ್ಸೆಲರ್ ಹತ್ತಿರ ಹೋಗಿ. ಕನ್ನಡವನ್ನು ಭಾಷಾ ಕೋರ್ಸಿಗೆ ಲೆಕ್ಕ ಹಾಕುತ್ತಾರಾ ಅಂತಲೂ ಕೇಳಿ.

ಜನಾಂಗದ ಕಾಲಂಗಿಂತ ವೀಸಾದ ಕಾಲಂ ಬಗ್ಗೆ ಜಾಸ್ತಿ ಯೋಚನೆ ಮಾಡಿ ಅಂತ ಹೊಸಬರಿಗೆ ನಮ್ಮ ಮಾತು. ಅಪ್ಪ ಅಥವಾ ಅಮ್ಮನ ಎಚ್-1ಬಿ ಕೆಲಸದ ವೀಸಾದ ಆಧಾರದ ಮೇಲೆ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಕೇಂದ್ರ ಸರ್ಕಾರದ ಕಾಲೇಜು ನೆರವು ಸಿಗುವುದಿಲ್ಲ. ಅನೇಕ ಖಾಸಗಿ ಕಾಲೇಜುಗಳು ಅವರನ್ನು ವಿದೇಶಿ ವಿದ್ಯಾರ್ಥಿಗಳ ಜೊತೆ ಸೇರಿಸುತ್ತವೆ. ರಾಜ್ಯದ ನಿವಾಸಿ ಫೀಸಿಗೆ ಎಚ್-4 ಅಡ್ಡಿಯಲ್ಲ, ಆದರೆ ಒಂದು ವರ್ಷಕ್ಕಿಂತ ಹೆಚ್ಚು ಇಲ್ಲೇ ನೆಲೆಸಿದ ದಾಖಲೆ ಬೇಕು. ಬಾಡಿಗೆ ಕರಾರು, ತೆರಿಗೆ ಕಾಗದ ಎತ್ತಿಡಿ. ಮಗುವಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ, ಕಾಲೇಜಿನ ನಡುವೆಯೇ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಬೇಕಾಗಬಹುದು. ಹುಟ್ಟಿದ ದಿನಾಂಕ ಹಿಡಿದು ಈಗಲೇ ಲೆಕ್ಕ ಹಾಕಿ, ವಕೀಲರ ಹತ್ತಿರ ಮಾತಾಡಿ.