ಚದರ ಅಡಿ ರೇಟು ನೋಡಿ ಬಜೆಟ್ ಹಾಕಬೇಡಿ: ಮೈಸೂರಿನಲ್ಲಿ ಮನೆ ಕಟ್ಟಿಸಿದ ನನ್ನ ಅನುಭವ

ನಮ್ಮದು 30x40 ಸೈಟು. ಕೆಳಗೆ, ಮೇಲೆ ಸೇರಿ 1,600 ಚದರ ಅಡಿ ಮನೆ, ಜೊತೆಗೆ ಪೋರ್ಟಿಕೋ ಮತ್ತು ಬಾಲ್ಕನಿ 180 ಚದರ ಅಡಿ. ಪ್ಲಾನ್ ಮತ್ತು ಸ್ಟ್ರಕ್ಚರಲ್ ಡ್ರಾಯಿಂಗ್ ಎರಡೂ ಕೈಗೆ ಬಂದ ಮೇಲೆಯೇ ಕಂಟ್ರಾಕ್ಟರ್‌ಗಳ ಹತ್ತಿರ ಮಾತಾಡಿದೆವು. ಡ್ರಾಯಿಂಗ್ ಇಲ್ಲದೆ ಯಾರು ಹೇಳಿದ ರೇಟಿಗೂ ಅರ್ಥ ಇಲ್ಲ, ಎಷ್ಟು ಕಬ್ಬಿಣ, ಎಷ್ಟು ಕಾಂಕ್ರೀಟ್ ಅಂತ ಅವರಿಗೂ ಗೊತ್ತಿರುವುದಿಲ್ಲ ಅಲ್ವಾ.

ಕೊನೆಗೆ ಉಳಿದದ್ದು ಎರಡು ಕೊಟೇಶನ್. ಚದರ ಅಡಿಗೆ ಒಬ್ಬರು 1,850 ರೂಪಾಯಿ, ಇನ್ನೊಬ್ಬರು 2,150. ಮನೆಯಲ್ಲಿ ಎಲ್ಲರೂ ಮೊದಲನೆಯವರನ್ನೇ ಗಟ್ಟಿ ಮಾಡಿ ಅಂದರು. ನಾನು ಇಬ್ಬರಿಗೂ ಒಂದೇ ಪಟ್ಟಿ ಕೊಟ್ಟು, ಯಾವುದು ರೇಟಿನ ಒಳಗಿದೆ, ಯಾವುದು ಹೊರಗೆ ಅಂತ ಬರೆದು ಕೊಡಿ ಅಂದೆ. ಆಗ ಬೇರೆಯೇ ಚಿತ್ರ ಬಂತು. ಮೊದಲನೆಯವರು ಪೋರ್ಟಿಕೋ, ಬಾಲ್ಕನಿಯನ್ನೂ ಪೂರ್ತಿ ಅಳತೆಗೆ ಹಿಡಿದಿದ್ದರು, ಅಂದರೆ 1,780 ಅಡಿ, 32.93 ಲಕ್ಷ. ಎರಡನೆಯವರು ಅವನ್ನು ಅರ್ಧ ಹಿಡಿದಿದ್ದರು, 1,690 ಅಡಿಗೆ 36.34 ಲಕ್ಷ. ಅಂತರ 3.4 ಲಕ್ಷಕ್ಕೆ ಇಳಿಯಿತು. ಆಮೇಲೆ ಮೊದಲನೆಯವರ ಪಟ್ಟಿಯಲ್ಲಿ ಸಂಪು ಇಲ್ಲ, ಕಾಂಪೌಂಡ್ ಇಲ್ಲ, ಗೇಟು ಇಲ್ಲ, ಕಿಟಕಿಯ ಗ್ರಿಲ್ ಇಲ್ಲ, ಟೆರೇಸಿಗೆ ವಾಟರ್‌ಪ್ರೂಫಿಂಗ್ ಇಲ್ಲ. 8,000 ಲೀಟರ್ ಸಂಪಿಗೆ ಲೀಟರಿಗೆ 18 ರೂಪಾಯಿ ಅಂದರೆ ಅದೊಂದೇ 1.44 ಲಕ್ಷ. ಎಲ್ಲ ಸೇರಿಸಿದರೆ ಕಡಿಮೆ ರೇಟಿನವರೇ ದುಬಾರಿ. ಇಬ್ಬರಿಗೂ ಜಿಎಸ್‌ಟಿ ಬಗ್ಗೆಯೂ ಕೇಳಿದೆ. ಬಿಲ್ ಬೇಕು ಅಂದರೆ ಮೇಲೆ 18% ಬರುತ್ತದೆ, ಅದನ್ನು ಕೊನೆಯಲ್ಲಿ ಕೇಳಿಸಿಕೊಳ್ಳುವ ವಿಷಯ ಅಲ್ಲ.

ಬರೀ ಲೇಬರ್ ಕಾಂಟ್ರಾಕ್ಟ್ ಕೊಟ್ಟು ಮೆಟೀರಿಯಲ್ ನಾವೇ ತಂದರೆ ಹಣ ಉಳಿಯುತ್ತದೆ, ನಿಜ. ಆದರೆ ಸಿಮೆಂಟ್ ಇಳಿಸಿಕೊಳ್ಳೋದು, ಎಂ ಸ್ಯಾಂಡ್ ಲೋಡ್ ಅಳೆಯೋದು, ಮೇಸ್ತ್ರಿ ಬರಲಿಲ್ಲ ಅಂದರೆ ಇನ್ನೊಬ್ಬರನ್ನು ಹುಡುಕೋದು, ಇದಕ್ಕೆಲ್ಲ ಮನೆಯವರೊಬ್ಬರು ದಿನವೂ ಸೈಟಿನಲ್ಲಿ ಇರಬೇಕು. ಇಬ್ಬರೂ ಕೆಲಸಕ್ಕೆ ಹೋಗುವವರು, ನಮಗೆ ಆಗುತ್ತಿರಲಿಲ್ಲ. ಮೆಟೀರಿಯಲ್ ಸಮೇತವೇ ಕೊಟ್ಟೆವು.

ಕಂಟ್ರಾಕ್ಟರ್ ಹೇಗೆ ಅಂತ ತಿಳಿಯಲು ಅವರು ತೋರಿಸಿದ ಹೊಸ ಮನೆಗಳನ್ನು ನೋಡಿ ಬಂದರೆ ಸಾಲದು. ಹೊಸ ಪೇಂಟಿನಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಮೂರ್ನಾಲ್ಕು ಮಳೆಗಾಲ ಕಂಡ ಮನೆಗಳ ವಿಳಾಸ ಕೇಳಿ ಹೋದೆ. ಮನೆಯವರಿಗೆ ಕೇಳಿದ್ದು ಮುಖ್ಯವಾಗಿ ಒಂದೇ: ಕೊನೆಯ ಕಂತು ಕೊಟ್ಟ ಮೇಲೆ ಫೋನ್ ಎತ್ತಿದರಾ? ಎರಡನೆಯವರ ಬಗ್ಗೆ ಒಬ್ಬ ಅಜ್ಜಿ, "ಬಾತ್‌ರೂಮಿನ ಗೋಡೆ ಒದ್ದೆ ಆಗ್ತಿದೆ ಅಂದ್ವಿ ಕಣಮ್ಮ, ಅದೇ ವಾರ ಹುಡುಗರನ್ನ ಕಳಿಸಿದ್ರು" ಅಂದರು. ನನಗೆ ಅಷ್ಟು ಸಾಕಿತ್ತು. ಇನ್ನೊಂದು, ಅವರ ನಡೆಯುತ್ತಿರುವ ಸೈಟಿಗೆ ಹೇಳದೆ ಹೋಗಿ ನೋಡಿ. ಮೋಲ್ಡ್ (ಕಾಂಕ್ರೀಟ್ ತಾರಸಿ) ಹಾಕಿದ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿದ್ದಾರಾ, ಪಿಲ್ಲರಿಗೆ ಒದ್ದೆ ಗೋಣಿಚೀಲ ಸುತ್ತಿದ್ದಾರಾ, ಕಂಬಿ ಕೆಳಗೆ ಅದನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇದೆಯಾ. ಈಗ ಸಿಗುವುದು ಹೆಚ್ಚಾಗಿ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್, ಅದಕ್ಕೆ ಕಡಿಮೆ ಅಂದರೂ 10 ದಿನ ಕ್ಯೂರಿಂಗ್, ಅಂದರೆ ಒದ್ದೆಯಾಗಿಡೋದು, ಬೇಕು. ನೀರು ಹಾಕಲು ಸೋಮಾರಿತನ ಮಾಡುವವರು ಬೇರೆ ಕಡೆಯೂ ಅಷ್ಟೇ ಮಾಡುತ್ತಾರೆ.

ಅಗ್ರಿಮೆಂಟನ್ನು ಸ್ಟಾಂಪ್ ಪೇಪರಿನಲ್ಲಿ ಮಾಡಿದೆವು. 'ಒಳ್ಳೆ ಕ್ವಾಲಿಟಿ' ಅನ್ನೋ ಪದ ಎಲ್ಲೂ ಬರಬಾರದು ಅಂತ ನಾನು ಹಟ ಹಿಡಿದೆ. ಬದಲಿಗೆ ಎಲ್ಲವನ್ನೂ ಬಿಡಿಸಿ ಬರೆಸಿದೆ: ಕಬ್ಬಿಣ ಎಫ್‌ಇ 550ಡಿ ದರ್ಜೆಯದ್ದು, ಯಾವ ಬ್ರಾಂಡು. ಹೊರಗೋಡೆ 6 ಇಂಚು ಸಾಲಿಡ್ ಬ್ಲಾಕ್, ಒಳಗೆ 4. ಟೈಲ್ಸ್ ಅಡಿಗೆ 60 ರೂಪಾಯಿವರೆಗೆ ಅವರದ್ದು, ಮೇಲಿನದ್ದು ನಮ್ಮದು. ಎಷ್ಟು ಲೈಟ್ ಪಾಯಿಂಟ್, ಎಷ್ಟು ಪ್ಲಗ್ ಪಾಯಿಂಟ್. ಜಾಸ್ತಿ ಕೆಲಸ ಏನೇ ಬಂದರೂ ಮೊದಲು ವಾಟ್ಸಾಪಿನಲ್ಲಿ ರೇಟು, ನಾನು ಒಪ್ಪಿದ ಮೇಲೆ ಕೆಲಸ. ಕಬ್ಬಿಣ ಬಂದಾಗ ತೂಕವನ್ನೂ ನೋಡುತ್ತಿದ್ದೆ, 12 ಎಂಎಂ ಕಂಬಿ ಮೀಟರಿಗೆ 0.888 ಕೆಜಿ, 12 ಮೀಟರ್ ಉದ್ದಕ್ಕೆ ಸುಮಾರು 10.7 ಕೆಜಿ ಇರಬೇಕು.

ಅಗ್ರಿಮೆಂಟಿನಲ್ಲಿ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪಾಯದ ಸಾಲು. ಪಾಯ 5 ಅಡಿವರೆಗೆ ರೇಟಿನ ಒಳಗೆ, ಅದಕ್ಕಿಂತ ಕೆಳಗೆ ಹೋದರೆ ಅಡಿಗೆ ಇಷ್ಟು ಅಂತ ಮೊದಲೇ ಬರೆಸಿದ್ದೆ. ಅಗೆದಾಗ ಒಂದು ಮೂಲೆಯಲ್ಲಿ ಎರೆಮಣ್ಣು ಸಿಕ್ಕಿತು, ಗಟ್ಟಿ ನೆಲ ಸಿಗುವ ತನಕ ಹೋಗಲೇಬೇಕಾಯಿತು. ಗುಂಡಿ ತೆಗೆದ ಮೇಲೆ ರೇಟು ಕೇಳಿದ್ದರೆ ಅವರು ಹೇಳಿದ್ದೇ ರೇಟು ಆಗುತ್ತಿತ್ತು. ಈಗ ಅಳತೆ ಹಿಡಿದು ಲೆಕ್ಕ ಹಾಕಿ ಕೊಟ್ಟೆವು, ಜಗಳ ಇಲ್ಲ.

ಹಣ ಯಾವಾಗಲೂ ಕೆಲಸದ ಹಿಂದೆ ಹೋಗಬೇಕು, ಮುಂದೆ ಅಲ್ಲ. ಅಗ್ರಿಮೆಂಟ್ ದಿನ 5%, ಪ್ಲಿಂತ್ (ಪಾಯದ ಮೇಲಿನ ಕಟ್ಟೆ) ಮುಗಿದ ಮೇಲೆ 15%, ಒಂದೊಂದು ಮೋಲ್ಡ್ ಆದ ಮೇಲೆ 20%, ಹೀಗೆ. ಕೊನೆಯ 5% ಒಂದು ಮಳೆಗಾಲ ಕಳೆದ ಮೇಲೆ. "ಕಂಬಿ ರೇಟು ಏರ್ತಿದೆ ಮೇಡಂ, ಈಗಲೇ ಕೊಟ್ಟರೆ ತಂದು ಹಾಕ್ತೀನಿ" ಅಂತ ಒಮ್ಮೆ ಕೇಳಿದರು. ಅಂಗಡಿಗೆ ನಾನೇ ನೇರವಾಗಿ ಹಣ ಹಾಕಿ ಅದನ್ನು ಮುಂದಿನ ಕಂತಿನಲ್ಲಿ ಹಿಡಿದುಕೊಂಡೆ. ಬ್ಯಾಂಕ್ ಕೂಡ ಸಾಲವನ್ನು ಹಂತ ಹಂತವಾಗಿಯೇ ಬಿಡುತ್ತದೆ, ಅದೂ ಮೊದಲು ನಮ್ಮ ಪಾಲಿನ ಹಣ ಖರ್ಚಾದ ಮೇಲೆ. ಹಾಗಾಗಿ ಪಾಯ, ಪ್ಲಿಂತ್ ಪೂರ್ತಿ ಕೈಯಿಂದಲೇ ಹೋಗುತ್ತದೆ ಅಂತ ಇಟ್ಟುಕೊಳ್ಳಿ.

ಕಂಟ್ರಾಕ್ಟಿನ ಹೊರಗಿನ ಖರ್ಚಿಗೆ ಬೇರೆ ಪುಸ್ತಕ ಇಟ್ಟಿದ್ದೆ. ಪ್ಲಾನ್ ಅನುಮತಿ, ಎಂಜಿನಿಯರ್ ಫೀಸು, ಟೆಂಪರರಿ ಕರೆಂಟು, ನೀರು ಮತ್ತು ಯುಜಿಡಿ (ಒಳಚರಂಡಿ) ಕನೆಕ್ಷನ್, ವಾರ್ಡ್‌ರೋಬು, ಅಡುಗೆಮನೆ ಕಬೋರ್ಡು, ಗೃಹಪ್ರವೇಶ. ಮನೆ ಮುಗಿಯುವ ತನಕ ಬಾಡಿಗೆಯೂ ಸಾಲದ ಬಡ್ಡಿಯೂ ಒಟ್ಟಿಗೆ ಹೋಗುತ್ತವೆ, ಅದನ್ನು ಬಜೆಟ್ಟಿನಲ್ಲಿ ಬರೆಯುವವರು ಕಡಿಮೆ. ಇವೆಲ್ಲದರ ಮೇಲೆ ಕಂಟ್ರಾಕ್ಟ್ ಮೊತ್ತದ 12% ಪಕ್ಕಕ್ಕೆ ಇಟ್ಟಿದ್ದೆ. ಅದರಲ್ಲಿ ದೊಡ್ಡ ಪಾಲು ಎರೆಮಣ್ಣಿಗೆ ಹೋಯಿತು, ಉಳಿದದ್ದು ಟೈಲ್ಸಿಗೆ. ಮಳೆಗಾಲದಲ್ಲಿ ಮೆಟ್ಟಿಲಿನ ಹೆಡ್‌ರೂಮ್ (ಟೆರೇಸಿನಲ್ಲಿ ಮೆಟ್ಟಿಲನ್ನು ಮುಚ್ಚುವ ಕೋಣೆ) ಸ್ಲ್ಯಾಬಿಗೆ ಸೇರುವ ಕಡೆ ತೇವ ಕಾಣಿಸಿತು. ಕರೆದೆ, ಬಂದು ಕೆತ್ತಿ ಸರಿ ಮಾಡಿಕೊಟ್ಟರು. ಮುಂದಿನ ಎರಡು ಜೋರು ಮಳೆ ನೋಡಿ ಆ 5% ಹಾಕಿದೆ.