ಬೆಂಗಳೂರಲ್ಲಿ ಕೂತು ಕೊಡಗಿನ ಗುಡ್ಡ ಕುಸಿತದ ನಕ್ಷೆ ಮಾಡುವುದು ಹೇಗೆ?

ಗುಡ್ಡ ಮುಂದೆ ಎಲ್ಲಿ ಕುಸಿಯಬಹುದು ಎಂದು ಹೇಳಬೇಕಾದರೆ ಹಿಂದೆ ಎಲ್ಲೆಲ್ಲಿ ಕುಸಿದಿದೆ ಎಂಬುದು ಮೊದಲು ಗೊತ್ತಿರಬೇಕು, ಅಲ್ವಾ? ಬಹಳ ಜನ ಇದನ್ನು ಬಿಟ್ಟು ನೇರ ಇಳಿಜಾರಿನ ಲೆಕ್ಕಕ್ಕೆ ಹೋಗುತ್ತಾರೆ. ಹಾಗೆ ಮಾಡಬೇಡಿ.

ಗೂಗಲ್ ಅರ್ಥ್ ಪ್ರೊ ಉಚಿತ, ಅದನ್ನು ತೆರೆಯಿರಿ. ಹಳೆಯ ಚಿತ್ರಗಳ ಸ್ಲೈಡರ್ ಎಳೆದು ಮಕ್ಕಂದೂರು, ಜೋಡುಪಾಲದ ಕಡೆ 2018ರ ಆಗಸ್ಟ್ ಮಳೆಗೆ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಹೋಲಿಸಿ. ಹಸಿರು ತೋಟದ ನಡುವೆ ಕೆಂಪು ಮಣ್ಣಿನ ಉದ್ದ ಗೀರು ಕಾಣುತ್ತದೆ. ಮಳೆಗಾಲದ ಚಿತ್ರದಲ್ಲಿ ಮೋಡ ಜಾಸ್ತಿ, ನವೆಂಬರ್ ನಂತರದ್ದು ನೋಡಿ. ಗುರುತು ಹಾಕುವಾಗ ಮಣ್ಣು ಕಿತ್ತುಕೊಂಡ ಮೇಲ್ಭಾಗವನ್ನು ಮಾತ್ರ ಸುತ್ತಿ. ಮಣ್ಣು ಹರಿದು ನಿಂತ ತಗ್ಗನ್ನೂ ಸೇರಿಸಿದರೆ, ಸಮತಟ್ಟು ಜಾಗವೇ ಕುಸಿಯುತ್ತದೆ ಎಂದು ಲೆಕ್ಕ ತಪ್ಪು ಹೇಳುತ್ತದೆ.

ಆಮೇಲೆ ಎತ್ತರದ ಡೇಟಾ. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೊಡೆಮ್ ಎಂಬ ಎತ್ತರದ ಡೇಟಾ ಸಿಗುತ್ತದೆ, ಇಲ್ಲವೇ ನೆಲವನ್ನು 30 ಮೀಟರಿನ ಚೌಕಗಳಾಗಿ ಅಳೆದ ನಾಸಾದ ಎಸ್‌ಆರ್‌ಟಿಎಂ ಸಾಕು. ನಕ್ಷೆ ಮಾಡುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದ ಕೂಡಲೇ ಅದನ್ನು ದೂರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ವಲಯ 43 ಉತ್ತರಕ್ಕೆ ಬದಲಿಸಿ, ಆಮೇಲೆ ಇಳಿಜಾರು ತೆಗೆಯಿರಿ. ಬದಲಿಸದಿದ್ದರೆ ದೂರ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಉಳಿದು ಇಡೀ ಜಿಲ್ಲೆ ಗೋಡೆಯಂತೆ 90 ಡಿಗ್ರಿ ಹತ್ತಿರ ನಿಂತುಬಿಡುತ್ತದೆ.

ಲೆಕ್ಕ ಸುಲಭ. 25ರಿಂದ 35 ಡಿಗ್ರಿ ಇಳಿಜಾರು ಒಟ್ಟು ಪ್ರದೇಶದಲ್ಲಿ ನೂರಕ್ಕೆ 20 ಇದೆ, ಆದರೆ ಕುಸಿದ ಜಾಗಗಳಲ್ಲಿ ನೂರಕ್ಕೆ 50 ಇದೆ ಎಂದುಕೊಳ್ಳಿ. 50ನ್ನು 20ರಿಂದ ಭಾಗಿಸಿದರೆ 2.5. ಒಂದಕ್ಕಿಂತ ಜಾಸ್ತಿ ಬಂದರೆ ಅಲ್ಲಿ ಅಪಾಯ ಜಾಸ್ತಿ. ಕಲ್ಲಿನ ಬಗೆ, ತೊರೆಯಿಂದ ದೂರ, ರಸ್ತೆಯಿಂದ ದೂರ, ಕಾಡೋ ತೋಟವೋ, ಎಲ್ಲಕ್ಕೂ ಹೀಗೇ ಮಾಡಿ ಕೂಡಿಸಿ, ಮೊತ್ತ ಜಾಸ್ತಿ ಬಂದ ಕಡೆ ಕೆಂಪು ಬಣ್ಣ ಹಾಕಿ. ಕಲ್ಲಿನ ನಕ್ಷೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿದೆ. ಗುರುತು ಹಾಕಿದ ಕುಸಿತಗಳಲ್ಲಿ ನೂರಕ್ಕೆ 30ನ್ನು ಮೊದಲೇ ಬದಿಗಿಡಿ. ನಕ್ಷೆ ಆದ ಮೇಲೆ ಅವು ಕೆಂಪು ಬಣ್ಣದೊಳಗೆ ಬೀಳುತ್ತವೆಯೇ ನೋಡಿ, ಬೀಳದಿದ್ದರೆ ನಕ್ಷೆ ಸರಿಯಿಲ್ಲ.

ನನಗೆ ನಿಜಕ್ಕೂ ಚಿಂತೆ ಇರುವುದು ಬರೆಯ ಬಗ್ಗೆ. ಮನೆಗೋ ಹೋಂಸ್ಟೇಗೋ ರಸ್ತೆಗೋ ಗುಡ್ಡ ಕಡಿದು ನಿಲ್ಲಿಸಿದ ಐದಾರು ಮೀಟರಿನ ಬರೆ 30 ಮೀಟರಿನ ಚೌಕದಲ್ಲಿ ಕಾಣುವುದೇ ಇಲ್ಲ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಬಿದ್ದದ್ದೂ ಹೆದ್ದಾರಿಯ ಮೇಲೆಯೇ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯಿಂದ ರಸ್ತೆ ಸಿಗುತ್ತದೆ, ಹೊಸದಾಗಿ ಕಡಿದ ಬರೆ ಸಿಗುವುದಿಲ್ಲ. ಅದಕ್ಕೇ ರಾತ್ರಿ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ. ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿ: ನೆಲ ಎಲ್ಲಿ ಬಿರುಕು ಬಿಟ್ಟಿದೆ, ಮರ ಎಲ್ಲಿ ವಾಲಿದೆ, ಹೊಸ ಒರತೆ ಎಲ್ಲಿ ಎದ್ದಿದೆ? ಅದನ್ನೆಲ್ಲ ಫೋನಿನ ಜಿಪಿಎಸ್‌ನಲ್ಲಿ ಗುರುತಿಸಿಕೊಂಡು ಬನ್ನಿ.

ಈ ನಕ್ಷೆ ಎಲ್ಲಿ ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಅದಕ್ಕೆ ಮಳೆಯ ಅಂಕಿ ಬೇಕು. ನಮ್ಮ ಯಲಹಂಕದಲ್ಲೇ ಇರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆ ಪ್ರಕಟಿಸುತ್ತದೆ. ಒಂದು ದಿನದ ಮಳೆ ಮಾತ್ರ ನೋಡಬೇಡಿ, ಹಿಂದಿನ ದಿನಗಳದ್ದನ್ನೂ ಕೂಡಿಸಿ. ಆಗಲೇ ನೀರು ಕುಡಿದ ಮಣ್ಣು ಕಡಿಮೆ ಮಳೆಗೂ ಜಾರುತ್ತದೆ.

ಊರಿನ ಹೆಸರು, ತೊರೆ, ಶಾಲೆ ಎಲ್ಲ ಕನ್ನಡದಲ್ಲಿ ಬರೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮೇ ತಿಂಗಳೊಳಗೆ ಗ್ರಾಮ ಪಂಚಾಯಿತಿಗೆ ಕೊಡಿ.